ಒಂದೇ ಗೆರೆ ತೋರಿಸಿದ ಗಂಟಲು

ಆ ಮಳೆಗಾಲದಲ್ಲಿ ಪುಣೆ ಪಕ್ಕದ ಇಡೀ ನಿಗಡಿಯೇ ಗಂಟಲು ಹಿಡಿದುಕೊಂಡು ನನ್ನ ದವಾಖಾನೆಗೆ ಬಂದಂತಿತ್ತು. ಚಾಕಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಸ್ಸಿಳಿದು ನೇರ ಬಂದವರು, ಶಾಲೆಯ ಚೀಲ ಬೆನ್ನಿನಲ್ಲೇ ಇದ್ದ ಮಕ್ಕಳು, ಆ ಮಕ್ಕಳಿಂದ ಜ್ವರ ಹತ್ತಿಸಿಕೊಂಡ ಅಜ್ಜಂದಿರು. ಬೆಂಚು ಸಾಲದೆ ಜನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಳಗೆ ಬಂದವರೆಲ್ಲ ಹೇಳುತ್ತಿದ್ದ ಮಾತು ಮಾತ್ರ ಒಂದೇ: “ಡಾಕ್ಟರ್, ಜರಾ ಹೆವಿ ಗೋಳಿ ದ್ಯಾ.” ಹೆವಿ ಗೋಳಿ ಎಂದರೆ ಆ್ಯಂಟಿಬಯೋಟಿಕ್. ಅದನ್ನು ಬರೆದುಕೊಡದಿದ್ದರೆ ನನಗೆ ವೈದ್ಯಕೀಯವೇ ಬರುವುದಿಲ್ಲ ಎಂದು ಅವರ ತೀರ್ಮಾನ.

ನಾನು ಧಾರವಾಡದಿಂದ ಬಂದು ಇಲ್ಲಿ ನೆಲೆಯಾದ ಸಾಮಾನ್ಯ ವೈದ್ಯೆ. ಮನೆಯಲ್ಲಿ ನನ್ನನ್ನು ಜಗಳಗಂಟಿ ಎನ್ನುತ್ತಾರೆ, ಸುಳ್ಳೇನಲ್ಲ. ಗಂಟಲಿನ ವಿಷಯದಲ್ಲಂತೂ ನನ್ನ ಹಟ ಜಾಸ್ತಿ. ಬಹುಪಾಲು ಗಂಟಲು ನೋವು ವೈರಸ್ಸಿನದು. ಅದಕ್ಕೆ ಆ್ಯಂಟಿಬಯೋಟಿಕ್ ಕೊಡುವುದು ನೀರಲ್ಲಿ ಹೋಮ ಮಾಡಿದ ಹಾಗೆ. ಮೂಗು ಸೋರುತ್ತಿದೆ, ಕೆಮ್ಮಿದೆ, ದನಿ ಒಡೆದಿದೆ, ಕಣ್ಣು ಕೆಂಪಾಗಿದೆ ಎಂದರೆ ನಾನು ವೈರಸ್ಸಿನ ಕಡೆಗೇ ವಾಲುತ್ತೇನೆ. ಅದರ ಬದಲು ತಟ್ಟನೆ ಜ್ವರ ಏರಿದ್ದರೆ, ಕೆಮ್ಮು ಇಲ್ಲದಿದ್ದರೆ, ಟಾನ್ಸಿಲ್ ಮೇಲೆ ಕೀವು ಕೂತಿದ್ದರೆ, ಕುತ್ತಿಗೆಯ ಮುಂಭಾಗದ ಗಂಟುಗಳು ಮುಟ್ಟಿದರೆ ನೋಯುತ್ತಿದ್ದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಗುಮಾನಿ. ಅದನ್ನು ಹಾಗೇ ಬಿಡುವಂತಿಲ್ಲ. ಅದರ ಬೆನ್ನ ಹಿಂದೆ ಬರುವ ಕೀಲುಜ್ವರ ಮಕ್ಕಳ ಹೃದಯದ ಕವಾಟವನ್ನೇ ಕೆಡಿಸಬಲ್ಲದು. ಈ ನಾಲ್ಕು ಲಕ್ಷಣಗಳಿಗೆ ಒಂದೊಂದು ಅಂಕ. ನಾಲ್ಕಕ್ಕೆ ನಾಲ್ಕು ಬಂದರೂ ಬ್ಯಾಕ್ಟೀರಿಯಾವೇ ಎಂದು ಆಣೆ ಮಾಡುವಂತಿಲ್ಲ. ಈ ಕೆಲಸದ ಮಜವೂ ಅಲ್ಲಿದೆ, ತಲೆನೋವೂ ಅಲ್ಲೇ ಇದೆ.

ಆ ವಾರ ನನ್ನ ಮೇಜಿನ ಮೇಲೆ ಒಂದು ಹೊಸ ಪೆಟ್ಟಿಗೆ ಬಂದು ಕೂತಿತ್ತು. ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ಒಂದು ಸವರು ತೆಗೆದು, ಪುಟ್ಟ ನಳಿಗೆಯಲ್ಲಿ ಎರಡು ದ್ರಾವಣದ ಹನಿಗಳ ಜೊತೆ ತಿರುಗಿಸಿ, ಒಂದು ಪಟ್ಟಿಯನ್ನು ಅದ್ದಿದರೆ ಚಹಾ ಕುದಿಯುವಷ್ಟರಲ್ಲಿ ಉತ್ತರ ಸಿಗುತ್ತದೆ. ಎರಡು ಗುಲಾಬಿ ಗೆರೆ ಬಂದರೆ ಸ್ಟ್ರೆಪ್, ಒಂದೇ ಬಂದರೆ ಅಲ್ಲ. ಇಂಥ ಪರೀಕ್ಷೆಯನ್ನು ಸಣ್ಣ ದವಾಖಾನೆಗೆ ತರಿಸುವವರು ಕಡಿಮೆ. ತರಿಸಿದ ಮೇಲೆ ನಾನಂತೂ ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ, ಯಾವಾಗ ನಾಲ್ಕು ಅಂಕದ ಗಂಟಲು ಬಂದೀತು ಎಂದು ಕಾದು ಕೂತಿದ್ದೆ.

ಬಂತು. ಹತ್ತೊಂಬತ್ತರ ಒಬ್ಬ ಹುಡುಗಿ, ಎತ್ತರದ ಆಳು, ಮೊಣಕಾಲಿನ ತುಂಬ ಹಳೆಯ ತರಚು ಗಾಯದ ಕಲೆಗಳು. ಜೊತೆಗೆ ಅವಳನ್ನು ಸಾಕುತ್ತಿದ್ದ ದೊಡ್ಡವ್ವ. ಗೋಕಾಕದ ಕಡೆಯವರು, ತನ್ನ ಗಂಡ ಚಾಕಣದ ಕಾರ್ಖಾನೆಯ ಬಸ್ಸು ಓಡಿಸುತ್ತಾರೆ ಎಂದು ದೊಡ್ಡವ್ವನೇ ಕೂರುವ ಮೊದಲೇ ಹೇಳಿ ಮುಗಿಸಿದಳು. ಕನ್ನಡದ ಡಾಕ್ಟರು ಸಿಕ್ಕ ಖುಷಿ ಅವಳಿಗೆ.

“ಮೂರ ದಿನಾತ್ರಿ, ನುಂಗಾಕ ಆಗವಲ್ದು. ಉಗುಳು ನುಂಗಿದ್ರ ಕಣ್ಣಾಗ ನೀರು ಬರ್ತಾವು,” ಎಂದಳು ದೊಡ್ಡವ್ವ. “ಜಲ್ದಿ ನೆಟ್ಟಗ ಮಾಡ್ರಿ ಡಾಕ್ಟರ್‌ಬಾಯಿ. ಆಕಿ ಕಬಡ್ಡಿ ಆಡ್ತಾಳ.”

ಹುಡುಗಿ ಮಾತಾಡಲು ಆಗದೆ ಬಿಸಿನೀರು ಬಾಯಲ್ಲಿಟ್ಟುಕೊಂಡವಳ ಹಾಗೆ ಗೊಣಗಿದಳು. ಅರ್ಥವಾದದ್ದಿಷ್ಟು: ಮುಂದಿನ ವಾರದ ಕೊನೆಗೆ ಭಾನುವಾರ ಜಿಲ್ಲಾ ಜೂನಿಯರ್ ತಂಡದ ಆಯ್ಕೆ. ಇವಳು ರೇಡರ್. ಎದುರಾಳಿ ಅಂಗಳಕ್ಕೆ ಒಬ್ಬಳೇ ನುಗ್ಗಿ ಮುಟ್ಟಿ ಬರುವವಳು. “ಇದ ಲಾಸ್ಟ್ ವರ್ಷರಿ ನಂದು. ಮುಂದ ವಯಸ್ಸು ಮೀರ್ತದ.” ಆ ತಂಡಕ್ಕೆ ಬಂದರೆ ರಾಜ್ಯ ಮಟ್ಟ, ಅಲ್ಲಿ ಹೆಸರು ಮಾಡಿದರೆ ಕ್ರೀಡಾ ಮೀಸಲಿನಲ್ಲಿ ನೌಕರಿ. ಶಾಲೆಯಲ್ಲಿದ್ದಾಗಿನಿಂದ ಅವಳು ಓಡಿದ್ದು, ಬಿದ್ದದ್ದು ಎಲ್ಲವೂ ಆ ಒಂದು ಭಾನುವಾರಕ್ಕಾಗಿ.

ಬಾಯಿ ತೆರೆಸಿ ಟಾರ್ಚು ಬಿಟ್ಟೆ. ಎರಡೂ ಟಾನ್ಸಿಲ್ ಊದಿ ನಡುವೆ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದಿದ್ದವು, ಮೇಲೆಲ್ಲ ಹಳದಿ ಲೇಪ. ಅಬ್ಬಾ, ಇಷ್ಟೊಂದು ಕೀವು! ಆದರೆ ಹಳದಿ ಯಾಕೋ ಅತಿಯಾಗಿ ಹಳದಿಯಾಗಿತ್ತು. ನಾಲಿಗೆಯ ಬುಡವೂ ಅದೇ ಬಣ್ಣ, ಒಳಗೆನ್ನೆಯಲ್ಲೂ ಒಂದು ಪಟ್ಟಿ.

“ಅವ್ವಾರ, ಇದರಾಗ ಏನು ಹಚ್ಚೀರಿ?”

“ಕಿರುನಾಲಿಗಿ ಬಿದ್ದಿತ್ರಿ,” ಎಂದಳು ದೊಡ್ಡವ್ವ, ಇದನ್ನೂ ಕೇಳಬೇಕೇ ಎನ್ನುವಂತೆ. “ಉಪ್ಪು ಅರಿಷಿಣ ಹಚ್ಚಿ ಬೆರಳಲೆ ಎತ್ತೀನಿ. ನಮ್ಮ ಓಣ್ಯಾಗ ಎಲ್ಲಾರಿಗೂ ನಾನ ಎತ್ತೂದು.”

ಗಂಟಲು ನೋವು ಬಂದರೆ ಕಿರುನಾಲಿಗೆ ಜಾರಿದೆ ಎಂದು ಬೆರಳು ಹಾಕಿ ಎತ್ತುವ ಪದ್ಧತಿ ನನ್ನ ಅಜ್ಜಿಯ ಮನೆಯಲ್ಲೂ ಇತ್ತು. ನನ್ನ ಗಂಟಲಿಗೂ ಆ ಬೆರಳಿನ ರುಚಿ ಗೊತ್ತು. ಬೈಯಲು ಬಾಯಿ ಬರಲಿಲ್ಲ. ಪುಣೆಯ ದೊಡ್ಡ ಆಸ್ಪತ್ರೆಯ ವೈದ್ಯರು ಯಾರಾದರೂ ಆಗಿದ್ದರೆ ಈ ಅರಿಶಿನವನ್ನು ಕೀವೆಂದೇ ಬರೆದುಕೊಳ್ಳುತ್ತಿದ್ದರೇನೋ ಎಂದು ನಗು ಬಂತು. ಹುಡುಗಿಯನ್ನು ಬೇಸಿನ್ ಹತ್ತಿರ ನಿಲ್ಲಿಸಿ ನೀರು ಮುಕ್ಕಳಿಸಲು ಹೇಳಿದೆ. ಅಳುತ್ತಲೇ ಮುಕ್ಕಳಿಸಿದಳು. ಹಳದಿ ಹೋಯಿತು. ಅದರ ಕೆಳಗೆ ಬೂದು ಬಿಳುಪಿನ ದಪ್ಪ ಪೊರೆ ಹಾಗೇ ಉಳಿಯಿತು. ಅದು ಅರಿಶಿನವಲ್ಲ.

ಜ್ವರ ಇದೆ. ಕೆಮ್ಮು ಇಲ್ಲ. ಪೊರೆ ಇದೆ. ಕುತ್ತಿಗೆಯ ಮುಂದೆ ಗಂಟು ಮುಟ್ಟಿದರೆ ಹಾ ಎಂದಳು. ನಾಲ್ಕಕ್ಕೆ ನಾಲ್ಕು! ಪೆನ್ನು ಎತ್ತಿ ಚೀಟಿಯ ಮೇಲೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬರೆದೂಬಿಟ್ಟೆ. ಪರೀಕ್ಷೆ ಮಾಡುವುದು ಇನ್ನು ಬರೀ ಶಾಸ್ತ್ರಕ್ಕೆ ಎಂದುಕೊಂಡು ಪೆಟ್ಟಿಗೆ ಒಡೆದೆ. ಕಡ್ಡಿ ನಾಲಿಗೆಗೂ ಕೆನ್ನೆಗೂ ತಾಗದ ಹಾಗೆ ಎರಡು ಟಾನ್ಸಿಲ್, ಹಿಂದಿನ ಗೋಡೆ ಮೂರನ್ನೂ ಸವರಿ ತೆಗೆದೆ. ಹನಿ ಹಾಕಿದೆ, ತಿರುಗಿಸಿದೆ, ಪಟ್ಟಿ ಅದ್ದಿದೆ. ದೊಡ್ಡವ್ವನೂ ಕುರ್ಚಿ ಎಳೆದುಕೊಂಡು ನನ್ನ ಜೊತೆಗೇ ಪಟ್ಟಿ ನೋಡುತ್ತ ಕೂತಳು.

ಒಂದು ಗೆರೆ ಬಂತು. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಗೆರೆ ಅದು. ಎರಡನೆಯದಕ್ಕಾಗಿ ಕಣ್ಣು ಕಿರಿದು ಮಾಡಿ ಕಾದೆ. ಬರಲಿಲ್ಲ. ಅರಿಶಿನ ಏನಾದರೂ ತೊಡಕು ಮಾಡಿತೇ ಎಂದು ಇನ್ನೊಮ್ಮೆ ಮುಕ್ಕಳಿಸಲು ಹೇಳಿ ಹೊಸ ಕಡ್ಡಿಯಲ್ಲಿ ಮತ್ತೆ ತೆಗೆದೆ. ಮತ್ತೆ ಒಂದೇ ಗೆರೆ.

ನನಗೆ ಮೊದಲು ಸಿಟ್ಟು ಬಂತು, ಪೆಟ್ಟಿಗೆಯ ಮೇಲೆ. ಆಮೇಲೆ, ಸ್ವಲ್ಪ ತಡವಾಗಿ, ಕುತೂಹಲ. ಈ ಗಂಟಲು ಬ್ಯಾಕ್ಟೀರಿಯಾದ ವೇಷ ಹಾಕಿದೆ, ಆದರೆ ಬ್ಯಾಕ್ಟೀರಿಯಾ ಅಲ್ಲ. ಹಾಗಾದರೆ ಯಾರು? ಎದ್ದು ಅವಳ ಹಿಂದೆ ನಿಂತು ಮತ್ತೆ ಕುತ್ತಿಗೆ ಮುಟ್ಟಿದೆ. ಈ ಸಲ ಮುಂದೆ ಮಾತ್ರವಲ್ಲ, ಹಿಂಭಾಗದಲ್ಲೂ. ಕಿವಿಯ ಹಿಂದಿನಿಂದ ಭುಜದ ತನಕ ಕಡಲೆಕಾಳಿನ ಸಾಲಿನಂತೆ ಗಂಟುಗಳು. ರೆಪ್ಪೆಗಳು ಸ್ವಲ್ಪ ಊದಿದ್ದವು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡು ಬಿಟ್ಟಿದ್ದೆ. “ಸುಸ್ತು ಹ್ಯಾಂಗದ?” ಎಂದು ಕೇಳಿದೆ. ಕೈ ಎತ್ತಿ ಕೂದಲು ಬಾಚಲೂ ಆಗುತ್ತಿಲ್ಲ ಎಂದು ಸನ್ನೆ ಮಾಡಿದಳು.

ಗ್ರಂಥಿ ಜ್ವರ! ಹದಿಹರೆಯದವರಿಗೆ, ಈ ವಯಸ್ಸಿನವರಿಗೆ ಬರುವ ಒಂದು ವೈರಸ್ಸಿನ ಬೇನೆ. ಗಂಟಲು ಸ್ಟ್ರೆಪ್‌ನಂತೆಯೇ ಕಾಣಿಸುತ್ತದೆ. ಅದರಲ್ಲಿ ಅಮಾಕ್ಸಿಸಿಲಿನ್ ಕೊಟ್ಟರೆ ಎಷ್ಟೋ ಜನಕ್ಕೆ ಮೈತುಂಬ ಕೆಂಪು ದದ್ದು ಏಳುತ್ತದೆ. ಬರೆದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಉಪ್ಪುನೀರು, ಗಂಜಿ, ವಿಶ್ರಾಂತಿ, ಒಂದು ರಕ್ತ ಪರೀಕ್ಷೆ ಬರೆದೆ. ಮಳೆಗಾಲ, ಡೆಂಗಿಯನ್ನೂ ನೋಡಬೇಕಿತ್ತು.

ದೊಡ್ಡವ್ವ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. “ಇಷ್ಟನ ರೀ? ಸೂಜಿ ಇಲ್ಲ, ದೊಡ್ಡ ಗುಳಗಿ ಇಲ್ಲ. ಬರದದ್ದೂ ಹೊಡದು ಹಾಕಿದ್ರಿ.”

“ಬ್ಯಾಡಾದದ್ದು ಅದಕ್ಕ ಹೊಡದೀನಿ, ಅವ್ವಾರ. ಅಂಗಡ್ಯಾಗ ಕೇಳಿ ತುಗೊಂಡ್ರ ನಾ ಸುಮ್ಮನಿರಂಗಿಲ್ಲ ನೋಡ್ರಿ.”

ಮುಖ ಗಂಟು ಹಾಕಿಕೊಂಡು ಹೋದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ರಕ್ತ ಪರೀಕ್ಷೆಯ ಪ್ರಯೋಗಾಲಯದಿಂದ ನನ್ನ ಗೆಳತಿ ಫೋನು ಮಾಡಿದಳು. ಅವಳು ಮರಾಠಿಯವಳು, ಸಾಮಾನ್ಯವಾಗಿ ಅಳೆದು ತೂಗಿ ಮಾತಾಡುವವಳು. ಅಂದು ಮಾತ್ರ “ಇದನ್ನು ನೀನೇ ಬಂದು ನೋಡು” ಎಂದಳು. ಪಕ್ಕದ ರಸ್ತೆಯೇ. ಓಡಿದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ, ಇರಬೇಕಾದದ್ದಕ್ಕಿಂತ ದೊಡ್ಡದಾದ, ಅಂಚು ಹರಿದ ಬಿಳಿ ರಕ್ತಕಣಗಳು, ಪಕ್ಕದ ಕೆಂಪು ಕಣಗಳನ್ನು ತಬ್ಬಿಕೊಂಡ ಹಾಗೆ ಹರಡಿದ್ದವು. ಒಂದಲ್ಲ, ಎಲ್ಲಿ ನೋಡಿದರೂ. ಗ್ರಂಥಿ ಜ್ವರದ ಗುರುತೇ ಅವು. ಡೆಂಗಿ ಇಲ್ಲ. ಗ್ರಂಥಿ ಜ್ವರದ ನೇರ ಪರೀಕ್ಷೆಯೂ ‘ಇಲ್ಲ’ ಎಂದೇ ಬಂದಿದೆ ಎಂದಳು ಗೆಳತಿ. ಆದರೆ ಮೊದಲ ವಾರದಲ್ಲಿ ಅದು ಹಾಗೆ ಕೈಕೊಡುವುದು ಮಾಮೂಲು. ನಾವಿಬ್ಬರೂ ಆ ಕಣಗಳನ್ನು ನೋಡಿ ಹುಚ್ಚರ ಹಾಗೆ ಖುಷಿಪಟ್ಟೆವು. ರೋಗಿಗೆ ಕಾಯಿಲೆ, ವೈದ್ಯರಿಗೆ ಹಬ್ಬ ಎಂದು ಯಾರಾದರೂ ಬೈದಿದ್ದರೆ ತಪ್ಪೇನಿರಲಿಲ್ಲ.

ಅಲ್ಲಿಂದಲೇ ದೊಡ್ಡವ್ವನಿಗೆ ಫೋನು ಹಚ್ಚಿದೆ. ರೋಗ ಯಾವುದೆಂದು ಗೊತ್ತಾಯಿತು, ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ.

“ಜ್ವರಾ ಇಳದಾವ್ರಿ. ಗಂಟಲಾನೂ ಒಂಚೂರು ಸಡ್ಲ ಆಗೇದ. ಆದ್ರ ಊಟಾ ಸೇರವಲ್ದು. ಎಡಪಕ್ಕಡಿ ಹೊಟ್ಟಿ ಭಾರ ಅಂತಾಳ,” ಎಂದಳು. ಹಿಂದೆ ಪಾತ್ರೆಯ ಸದ್ದು. “ಬಟ್ಟಿ ಸರದದ ಅಕೀದು. ಎಣ್ಣಿ ಬಿಸಿಗಿಟ್ಟೀನಿ, ಈಗ ತಿಕ್ಕಿ ಜಾಗಕ್ಕ ತರತೀನಿ. ನೀವೇನೂ ಕಾಳಜಿ ಮಾಡಬ್ಯಾಡ್ರಿ.”

ಬಟ್ಟಿ ಎಂದರೆ ಹೊಕ್ಕಳ ಕೆಳಗಿನ ಮಿಡಿತ. ಅದು ಜಾಗ ಬಿಟ್ಟು ಸರಿದರೆ ಹೊಟ್ಟೆ ಕೆಡುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅಂಗಾತ ಮಲಗಿಸಿ, ಎಣ್ಣೆ ಹಚ್ಚಿ, ಅಂಗೈ ಒತ್ತಿ ಹೊಟ್ಟೆಯನ್ನು ಬದಿಯಿಂದ ನಡುವಿಗೆ ತಿಕ್ಕಿ ತರುತ್ತಾರೆ. ಕೈ ಬಲವಾಗಿದ್ದವರಿಗೆ ಹೆಸರು ಹೆಚ್ಚು. ಎಷ್ಟೋ ಹೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಗ್ರಂಥಿ ಜ್ವರದಲ್ಲಿ ಗುಲ್ಮ ಊದುತ್ತದೆ. ಎಡ ಪಕ್ಕೆಲುಬಿನ ಹಿಂದೆ ಅಡಗಿ ಕೂತಿರುವ ಅಂಗವದು, ರಕ್ತ ತುಂಬಿದ ಮೆತ್ತನೆಯ ಚೀಲ. ಊದಿದಾಗ ಎಲುಬಿನ ಆಸರೆ ಬಿಟ್ಟು ಹೊರಗೆ ಇಣುಕುತ್ತದೆ, ಹಣ್ಣಾದ ಪಪ್ಪಾಯಿಯಷ್ಟು ನಾಜೂಕಾಗುತ್ತದೆ. ಒಡೆದರೆ ಹೊಟ್ಟೆಯೊಳಗೇ ರಕ್ತಸ್ರಾವ.

“ಅವ್ವಾರ, ಕೈ ಹಚ್ಚಬ್ಯಾಡ್ರಿ!” ಎಂದು ಕೂಗಿದೆ. ಆಗಲೇ ಫೋನು ಇಟ್ಟಾಗಿತ್ತು. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಎಣ್ಣೆ ಹಚ್ಚಿದ ಕೈಯಲ್ಲಿ ಯಾರು ಫೋನು ಎತ್ತುತ್ತಾರೆ!

ಗೆಳತಿಯ ಸ್ಕೂಟರಿನ ಕೀಲಿ ಮೇಜಿನ ಮೇಲಿತ್ತು. ಎತ್ತಿಕೊಂಡು, ರಕ್ತ ಪರೀಕ್ಷೆಯ ಚೀಟಿಯಲ್ಲಿದ್ದ ವಿಳಾಸ ನೋಡಿಕೊಂಡು ಓಡಿದೆ. ಮಳೆ ಹನಿಯುತ್ತಿತ್ತು, ಚೌಕದಲ್ಲಿ ಎರಡೂ ಕಡೆಯಿಂದ ಕಾರ್ಖಾನೆಯ ಬಸ್ಸುಗಳು ಸಿಕ್ಕಿಹಾಕಿಕೊಂಡು ನಿಂತಿದ್ದವು. ಪಾದಚಾರಿಗಳ ಕಟ್ಟೆಯ ಮೇಲೆ ಸ್ಕೂಟರು ಹತ್ತಿಸಿದೆ. ಭಾಜಿ ಮಾರುವವಳು ನನ್ನ ಪೇಷಂಟು, “ಡಾಕ್ಟರ್‌ಬಾಯಿ, ಕಾಯ್ ಝಾಲ?” ಎಂದು ಕೂಗಿದಳು. ಏನಾಯಿತು ಎಂದು ಹೇಳಲು ಪುರಸೊತ್ತೆಲ್ಲಿ? ಮನಸ್ಸಿನಲ್ಲಿ ದೊಡ್ಡವ್ವನ ದಪ್ಪ ಅಂಗೈ ಮಾತ್ರ ಕಾಣುತ್ತಿತ್ತು.

ಅವರ ಮನೆ ಸಾಲುಮನೆಗಳ ಒಂದು ಚಾಳಿನ ಕೊನೆಯಲ್ಲಿ. ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಹುಡುಗಿ ಅಂಗಾತ ಮಲಗಿದ್ದಳು, ಹೊಟ್ಟೆಯ ಮೇಲೆ ಎಣ್ಣೆ ಮಿಂಚುತ್ತಿತ್ತು. ದೊಡ್ಡವ್ವ ಮೊಣಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು.

“ತಗೀರಿ ಕೈ!”

ಇಬ್ಬರೂ ಬೆಚ್ಚಿದರು. ನಾನು ಚಪ್ಪಲಿ ಸಮೇತ ಒಳಗೆ ಹೋಗಿ ಇಬ್ಬರ ನಡುವೆ ಕುಸಿದು ಕೂತೆ. “ತಿಕ್ಕಿದ್ರೇನು?”

“ಇನ್ನೂ ಇಲ್ರಿ. ಎಣ್ಣಿ ಭಾಳ ಬಿಸಿ ಇತ್ತು, ಆರಲಿ ಅಂತ ಕುಂತಿದ್ದೆ,” ಎಂದಳು ದೊಡ್ಡವ್ವ. ಆಮೇಲೆ ಸಿಟ್ಟಿನಿಂದ, “ಯಾಕ್ರಿ? ನನ್ನ ಕೈಗೇನಾಗೇದ?”

ಹುಡುಗಿಯ ಮೊಣಕಾಲು ಮಡಚಿಸಿದೆ. ನನ್ನ ಬೆರಳ ತುದಿಯನ್ನು ಎಡ ಪಕ್ಕೆಲುಬಿನ ಕೆಳಗೆ, ಒತ್ತದೆ, ಸುಮ್ಮನೆ ಇಟ್ಟೆ. ದೀರ್ಘವಾಗಿ ಉಸಿರು ಎಳೆದುಕೋ ಎಂದೆ. ಉಸಿರು ಎಳೆದಾಗ ಒಳಗಿನಿಂದ ದುಂಡನೆಯ ಒಂದು ಅಂಚು ಇಳಿದು ಬಂದು ನನ್ನ ಬೆರಳನ್ನು ಮುಟ್ಟಿ ಹಿಂದೆ ಸರಿಯಿತು. ಓದುವಾಗ ನೂರು ಸಲ ಪುಸ್ತಕದಲ್ಲಿ ಕಂಡಿದ್ದೆ. ಹೀಗೆ ಚಾಪೆಯ ಮೇಲೆ, ಎಣ್ಣೆಯ ಕೈಯಲ್ಲಿ ಸಿಗುತ್ತದೆ ಎಂದುಕೊಂಡಿರಲಿಲ್ಲ. ಹೆದರಿಕೆಯೋ ಸಂಭ್ರಮವೋ, ಎರಡೂ ಇತ್ತು.

“ನೀವು ಬಟ್ಟಿ ಅಂತ ಒತ್ತಾಕ ಹೊಂಟದ್ದು ಇದನ್ನ, ಅವ್ವಾರ,” ಎಂದೆ. ಗುಲ್ಮದ ವಿಷಯ ತಿಳಿಸಿ ಹೇಳಿದೆ, ಒಡೆದರೆ ಏನಾಗುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವಳು ಮೊದಲು ನಂಬಲಿಲ್ಲ. ಓಣಿಯ ಎಷ್ಟು ಜನರ ಹೊಟ್ಟೆ ತಿಕ್ಕಿದ್ದೇನೆ, ಒಬ್ಬರಾದರೂ ಬಂದು ಬೈದಿದ್ದಾರೆಯೇ ಎಂದಳು. ಮಾತಾಡುತ್ತ ಮಾತಾಡುತ್ತ ತನ್ನ ಅಂಗೈ ನೋಡಿಕೊಂಡಳು. ಎದ್ದು ಹೋಗಿ ಸಾಬೂನು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು ಬಂದು ಹುಡುಗಿಯ ತಲೆಯ ಹತ್ತಿರ ಕೂತಳು.

ಮರುದಿನ ಸೋನೋಗ್ರಫಿಯಲ್ಲಿ ಗುಲ್ಮ ಊದಿದ್ದು ಸ್ಪಷ್ಟವಾಗಿ ಕಂಡಿತು. ಆ ಮೇಲಿನ ವಾರ ನೇರ ಪರೀಕ್ಷೆ ಮತ್ತೆ ಮಾಡಿಸಿದಾಗ ಅದೂ ‘ಹೌದು’ ಎಂದಿತು. ನಾನು ಆ ಸಾಲು ಹೊಡೆದು ಹಾಕಿದ್ದು ಸರಿಯಾಗಿತ್ತು! ಗೆಳತಿಗೆ ಫೋನು ಮಾಡಿ ಕೂಗಾಡಿದೆ. ಒಂದೇ ಒಂದು ಆ್ಯಂಟಿಬಯೋಟಿಕ್ ಗುಳಿಗೆ ಇಲ್ಲದೆ ಗಂಟಲಿನ ಪೊರೆ ತಾನಾಗಿ ಕರಗಿತು, ಜ್ವರ ಬಿಟ್ಟಿತು. ಹುಡುಗಿ ರೊಟ್ಟಿ ತಿಂದಳು.

ಅಲ್ಲಿಂದಲೇ ನಿಜವಾದ ಪೀಕಲಾಟ ಶುರುವಾದದ್ದು. ಹುಡುಗಿ ಚೆನ್ನಾದಳು, ಆದರೆ ಗುಲ್ಮ ಇನ್ನೂ ಊದಿಕೊಂಡೇ ಇತ್ತು. ಅದು ಇಳಿಯಲು ಇನ್ನೂ ಕೆಲವು ವಾರ ಬೇಕು. ಭಾನುವಾರಕ್ಕೆ ಉಳಿದದ್ದು ಕೆಲವೇ ದಿನ.

ಅವಳ ಕಬಡ್ಡಿ ಕೋಚ್ ಅವಳನ್ನು ದವಾಖಾನೆಗೆ ಕರೆದುಕೊಂಡು ಬಂದರು. ಹಿಂದೆ ದೊಡ್ಡವ್ವ. “ಮ್ಯಾಡಮ್, ತೀ ತರ ಠಣಠಣೀತ ಆಹೆ,” ಗಟ್ಟಿಮುಟ್ಟಾಗಿದ್ದಾಳೆ ಎಂದು ಅವರು ವಾದಿಸಿದರು. ಆಡಲು ಯೋಗ್ಯಳು ಎಂದು ನಾನೊಂದು ಸಹಿ ಹಾಕಿದರೆ ಸಾಕು. ಇವಳಂಥ ರೇಡರ್ ತಮ್ಮ ಕೈಯಲ್ಲಿ ಬೆಳೆದಿಲ್ಲ ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಅವರ ಕಣ್ಣಿನಲ್ಲಿ ಆಸೆ ಹೊಳೆಯುತ್ತಿತ್ತು.

ನಾನು ಜಗಳ ಆಡಲಿಲ್ಲ. ರೇಡರ್ ಸಿಕ್ಕಿಬಿದ್ದಾಗ ಎದುರಾಳಿಗಳು ಹೇಗೆ ಹಿಡಿಯುತ್ತಾರೆ, ನನಗೆ ತೋರಿಸಿ ಎಂದು ಕೇಳಿದೆ. ಅವರು ಹುರುಪಿನಿಂದ ಎದ್ದರು. ಮೂಲೆಯವಳು ಪಾದ ಹಿಡಿಯುತ್ತಾಳೆ, ಪಕ್ಕದವಳು ಸೊಂಟಕ್ಕೆ ಬೀಳುತ್ತಾಳೆ, ಉಳಿದವರು ಮೇಲೆ ಹೇರಿಕೊಳ್ಳುತ್ತಾರೆ ಎನ್ನುತ್ತ ನನ್ನ ಕುರ್ಚಿಯನ್ನೇ ರೇಡರ್ ಮಾಡಿ ತೋರಿಸಿದರು. ಅವರ ಮೊಣಕಾಲು ಕುರ್ಚಿಯ ಎಡಬದಿಗೆ ತಾಗಿ ನಿಂತಿತು. ಅಲ್ಲೇ ನಾನು ಸೋನೋಗ್ರಫಿಯ ಚಿತ್ರ ಹಿಡಿದು, ಗುಲ್ಮ ಎಲ್ಲಿದೆ ಎಂದು ಬೆರಳಿಟ್ಟೆ. ಕೋಚ್ ಮೊಣಕಾಲು ಹಿಂದೆ ತೆಗೆದುಕೊಂಡರು.

ಹುಡುಗಿ ಮಾತ್ರ ಬಿಡಲಿಲ್ಲ. ಗಂಟಲು ತೆರೆದಿತ್ತಲ್ಲ, ಮಾತು ಜೋರಾಗಿಯೇ ಬಂತು. “ಒಡದ ಒಡೀತದೇನ್ರಿ? ಖರೇ ಹೇಳ್ರಿ.”

ಖರೆ ಹೇಳಬೇಕಿತ್ತು. “ಇಲ್ಲವಾ. ಒಡಿಯೂದು ಭಾಳ ಅಪರೂಪ.”

“ಮತ್ತ ಆಡತೀನಿ! ಅಪರೂಪ ಅಂದ್ರ ನನಗ ಯಾಕಾಗ್ತದ? ನನಗ ಇನ್ನೊಂದ ವರ್ಷ ಇಲ್ರಿ. ನೀವು ಸಹಿ ಮಾಡಲಿಲ್ಲಂದ್ರ ಎಲ್ಲಾ ಮುಗೀತು.”

ಆ ಕ್ಷಣ ನನಗೆ ಬಹಳ ಕಷ್ಟವಾಯಿತು. ಅವಳ ವಾದದಲ್ಲಿ ಹುರುಳಿತ್ತು. ಸಹಿ ಹಾಕಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ಅವಳು ಆಯ್ಕೆಯೂ ಆಗುತ್ತಿದ್ದಳು, ಪೇಢೆಯ ಡಬ್ಬಿ ನನ್ನ ಮೇಜಿಗೂ ಬರುತ್ತಿತ್ತು. ಆದರೆ ಅಪರೂಪಕ್ಕೆ ಅದು ಆಟದ ಅಂಗಳದಲ್ಲಿ ಒಡೆದಿದ್ದರೆ ಆಂಬ್ಯುಲೆನ್ಸು ಈ ಟ್ರಾಫಿಕ್ಕಿನಲ್ಲಿ ತಲುಪುವ ಹೊತ್ತಿಗೆ ಹುಡುಗಿ ಉಳಿಯುತ್ತಿರಲಿಲ್ಲ. ಚಾಪೆಯ ಮೇಲೆ ನನ್ನ ಬೆರಳಿಗೆ ತಾಗಿದ ಆ ಅಂಚನ್ನು ನಾನು ಮರೆಯಲಾರೆ. ಪೆನ್ನಿನ ಮುಚ್ಚಳ ಹಾಕಿದೆ. “ಸಹಿ ಮಾಡಂಗಿಲ್ಲ,” ಎಂದೆ.

ಅವಳು ದೊಡ್ಡವ್ವನ ಕಡೆ ತಿರುಗಿದಳು. ಓಣಿಯಲ್ಲಿ ಬೇರೆ ಡಾಕ್ಟರು ಇಲ್ಲವೇ, ಅಲ್ಲಿ ಹೋಗಿ ಬರೆಸೋಣ ನಡಿ ಎಂದಳು. ಅದು ಸಾಧ್ಯವಿತ್ತು, ನನ್ನಿಂದ ತಡೆಯಲಾಗುತ್ತಿರಲಿಲ್ಲ. ದೊಡ್ಡವ್ವ ಅಲ್ಲಾಡಲಿಲ್ಲ.

“ನನ್ನ ಕೈ ಅಲ್ಲೇ ಹೋಗಿತ್ತವಾ,” ಎಂದಳು. “ಎಣ್ಣಿ ಆರಿದ್ರ ಒತ್ತೇ ಬಿಡತಿದ್ದೆ. ಈಗ ಕಣ್ಣು ಮುಚ್ಚಿದ್ರ ಅದ ಕಾಣ್ತದ. ಇನ್ನೊಬ್ರ ಮೊಣಕಾಲು ಅಲ್ಲಿ ಬೀಳೂದು ನನಗ ನೋಡಾಕ ಆಗಂಗಿಲ್ಲ. ಆಟಾ ಹೋದ್ರ ಹೋಗ್ಲಿ. ನೀ ಇರು.”

ಹುಡುಗಿ ಅತ್ತಳು. ಸಣ್ಣ ಮಕ್ಕಳ ಹಾಗೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಕೋಚ್ ಮಾತ್ರ ಏನನ್ನೋ ಹುಡುಕುವವರಂತೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಅವಳ ಜಾಗಕ್ಕೆ ಅದೇ ತಂಡದ ಅವಳ ಗೆಳತಿಯನ್ನೇ ಇಳಿಸುವುದಾಗಿ ಹೇಳಿ ಹೋದರು.

ಭಾನುವಾರ ದವಾಖಾನೆಗೆ ರಜೆ. ಆಯ್ಕೆ ನಡೆಯುವ ಅಂಗಳಕ್ಕೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಸುಮ್ಮನೆ ಮನೆಯಲ್ಲಿ ಕೂರಲು ಮನಸ್ಸು ಒಪ್ಪಲಿಲ್ಲ. ಹುಡುಗಿ ಮೆಟ್ಟಿಲ ಸಾಲಿನಲ್ಲಿ ಕೂತಿದ್ದಳು, ತಂಡದ ಜರ್ಸಿ ಹಾಕಿಕೊಂಡೇ ಬಂದಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ದೊಡ್ಡವ್ವ ಸ್ವಲ್ಪ ಸರಿದು ನಡುವೆ ಕೂತು ನನಗೆ ಜಾಗ ಮಾಡಿಕೊಟ್ಟಳು.

ಆಟ ಶುರುವಾಯಿತು. ಕಬಡ್ಡಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದವಳೇ ಅಲ್ಲ. ಏನು ವೇಗ, ಏನು ಚುರುಕು! ನನಗರಿವಿಲ್ಲದೆ ನಾನು ಮೆಟ್ಟಿಲ ಅಂಚಿಗೆ ಬಂದು ಕೂತಿದ್ದೆ. ಎರಡೂ ತಂಡಕ್ಕೆ ಅಂಕ ಸರಿಸಮ, ಕೊನೆಯ ಕೆಲವು ದಾಳಿಗಳು ಉಳಿದಿವೆ ಎಂದು ಪಕ್ಕದವರು ಹೇಳಿದರು. ನಮ್ಮ ಹುಡುಗಿಯ ಗೆಳತಿ ಗೆರೆ ದಾಟಿ ಒಳಗೆ ನುಗ್ಗಿದಳು. ಒಬ್ಬಳ ತೋಳು ತಟ್ಟಿದಳು, ತಿರುಗಿದಳು. ತಿರುಗುವಷ್ಟರಲ್ಲಿ ಮೂಲೆಯವಳು ಪಾದಕ್ಕೆ ಬಿದ್ದು ಹಿಡಿದಳು. ಇನ್ನೊಬ್ಬಳು ಸೊಂಟಕ್ಕೆ. ಮೂರನೆಯವಳು ಹಾರಿ ಬಂದು ಮೊಣಕಾಲಿನ ಸಮೇತ ಅವಳ ಎಡಪಕ್ಕೆಯ ಮೇಲೆ ಬಿದ್ದಳು. ಧಪ್ಪೆಂಬ ಸದ್ದು ಮೆಟ್ಟಿಲ ತನಕ ಕೇಳಿತು.

ನಮ್ಮ ಹುಡುಗಿಯ ಕೈ ತಾನಾಗಿ ಎಡ ಪಕ್ಕೆಲುಬಿನ ಕೆಳಗೆ ಹೋಯಿತು. ದೊಡ್ಡವ್ವ ಕಣ್ಣು ಮುಚ್ಚಿಕೊಂಡಳು.

“ಡಾಕ್ಟರ್‌ಬಾಯಿ,” ಎಂದಳು ಹುಡುಗಿ. ಅಂದಿನಿಂದ ನನ್ನ ಜೊತೆ ಆಡಿದ ಮೊದಲ ಮಾತು. “ಆ ರೇಡ್ ನಂದಿತ್ರಿ.”

“ಹೌದವಾ.”

ಗೆಳತಿ ಆ ರಾಶಿಯ ಕೆಳಗಿನಿಂದ ತೆವಳಿದಳು. ಒಂದು ಕೈ ಮಾತ್ರ ಹೊರಗಿತ್ತು. ಆ ಕೈಯನ್ನು ಚಾಚಿ, ಇನ್ನಷ್ಟು ಚಾಚಿ, ನಡುಗೆರೆಯನ್ನು ಬೆರಳ ತುದಿಯಲ್ಲಿ ಮುಟ್ಟಿಬಿಟ್ಟಳು! ಹಿಡಿದವರೆಲ್ಲ ಔಟ್. ಅಂಗಳವೇ ಎದ್ದು ನಿಂತಿತು. ನಮ್ಮ ಹುಡುಗಿಯೂ ಚಂಗನೆ ಎದ್ದು ಹಾರಲು ಹೋದಳು. ನಾನೂ ದೊಡ್ಡವ್ವನೂ ಒಟ್ಟಿಗೇ ಅವಳ ಜರ್ಸಿ ಹಿಡಿದು ಎಳೆದು ಕೂರಿಸಿದೆವು.

“ಕುಣೀಬ್ಯಾಡ!”

“ಕುಣ್ಯಂಗಿಲ್ರಿ, ಕುಣ್ಯಂಗಿಲ್ಲ,” ಎಂದಳು. ಮುಖದಲ್ಲಿ ಅಳುವೂ ಇತ್ತು, ನಗುವೂ ಇತ್ತು. “ಚೀರಬಹುದಲ್ರಿ?”

ನಾನು ಕೈ ಚಾಚಿ ಅವಳ ಕುತ್ತಿಗೆ ಮುಟ್ಟಿ ನೋಡಿದೆ. ಗಂಟುಗಳು ಹೆಚ್ಚುಕಡಿಮೆ ಕರಗಿದ್ದವು.

“ಚೀರು,” ಎಂದೆ.

ಚೀರಿದಳು. ಗೆಳತಿಯ ಹೆಸರು ಹಿಡಿದು, ಅಂಗಳದ ಆಚೆ ತುದಿಗೆ ಕೇಳುವ ಹಾಗೆ, ಮತ್ತೆ ಮತ್ತೆ ಚೀರಿದಳು. ಎಡಗೈ ಮಾತ್ರ ಪಕ್ಕೆಲುಬಿನ ಕೆಳಗೇ ಇತ್ತು.